ಅಂಗಾಂಶಗಳಲ್ಲಿ ಕಿಣ್ವದ ನೆಲೆ: ಬಣ್ಣದ ಸಾಕ್ಷ್ಯ

ಕಿಣ್ವವೆಂಬ ಶಬ್ದವು ವಾಚಕರಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುದುಗಿಸುವ ದ್ರವ್ಯಕ್ಕೆ ಈ ಹೆಸರೇ ಇದೆ. 19ನೆಯ ಶತಮಾನದಲ್ಲಿ ಜರ್ಮನ್ ವಿದ್ವಾಂಸನಾದ ಕ್ಯೂನೆಯು ‘ಎನ್‌ಜೈಮ್’ ಎಂಬ ಪದವನ್ನು ನಿರ್ಮಿಸಿದಾಗ ಆತನೂ ‘ಹುದುಗಿನೊಳಗಿರುವುದು’ ಎಂಬರ್ಥದ ಗ್ರೀಕ್ ಮಾತುಗಳನ್ನೇ ಆರಿಸಿಕೊಂಡನು. ಆದುದರಿಂದ ನಮ್ಮ ಶಾಸ್ತ್ರಗ್ರಂಥಗಳು ಹಳೆಯ ಶಬ್ದವನ್ನೇ ಉಳಿಸಿಕೊಂಡುದು ಉಚಿತವೇ ಸರಿ. ಇಲ್ಲಿ ವಿಚಾರಿಸತಕ್ಕುದು ಈ ಕಿಣ್ವಗಳು ದೇಹದ ಯಾವ ಯಾವ ಎಡೆಯಲ್ಲಿ ಕೆಲಸಮಾಡುತ್ತವೆಂಬುದನ್ನು ತಿಳಿಯುವ ಬಗೆ.

ಮೂತ್ರಪಿಂಡದ ತುಂಡನ್ನು ಅರೆದು ಪರೀಕ್ಷಿಸಿದರೆ ಅದರಲ್ಲಿ ಇಂಥ ಕಿಣ್ವವು ಇಷ್ಟಿದೆಯೆಂದು ಅಳೆಯಬಹುದು. ಆದರೆ ಅರೆದ ಮೇಲೆ ಬಗೆಬಗೆಯ ಜೀವಕೋಶಗಳೆಲ್ಲವೂ ಒಂದಾಗಿ, ಅದು ಎಲ್ಲಿತ್ತೆಂಬುದು ತಿಳಿಯದೆ ಹೋಗುತ್ತದೆ. ತೆಳುವಾಗಿ ಸೀಳಿದ ಅಂಗಾಂಶಕ್ಕೆ ಸಾಮಾನ್ಯವಾದ ಬಣ್ಣವನ್ನು ಹಾಕಿದರೆ ಜೀವಕೋಶಗಳ ಆಕಾರವು ಕಂಡೀತೇ ಹೊರತು ಕಿಣ್ವವು ಪ್ರತ್ಯೇಕವಾಗಿ ಕಾಣದು. ಹಾಲಿನಲ್ಲಿ ಬೆರೆತ ಹೆಪ್ಪು ಕಣ್ಣಿಗೆ ಬೀಳದಿದ್ದರೂ ಹಾಲು ಮೊಸರಾದಾಗ ಅದರ ಇರವು ತಿಳಿಯುವುದಷ್ಟೆ. ಅದರಂತೆಯೇ ಕಿಣ್ವಕ್ಕೆ ಕೆಲಸವನ್ನು ಕೊಟ್ಟು, ಆ ಕೆಲಸದ ಫಲವನ್ನು ಬಣ್ಣವಾಗಿ ಮಾರ್ಪಡಿಸುವುದೇ ಈ ವಿಧಾನದ ತಿರುಳು.

1939ರಲ್ಲಿ ಅಮೆರಿಕೆಯಲ್ಲಿ ಗೊಮೊರಿಯೂ ಜಪಾನಿನಲ್ಲಿ ತಕಮತ್ಸುವೂ, ಒಬ್ಬರನ್ನೊಬ್ಬರು ಅವಲಂಬಿಸದೆ, ಕ್ಷಾರೀಯ ಫಾಸ್ಫಟೇಸ್ ಎಂಬ ಕಿಣ್ವವನ್ನು ಈ ರೀತಿಯಲ್ಲಿ ತೋರಿಸಿದರು. ಗ್ಲಿಸರೊಫಾಸ್ಫೇಟನ್ನೂ ಕ್ಯಾಲ್ಸಿಯಂ ಲವಣವನ್ನೂ ಕೂಡಿಸಿದ ಕ್ಷಾರದ್ರವದಲ್ಲಿ ಅಂಗಾಂಶದ ಸೀಳನ್ನು ಬೆಚ್ಚಗಿರಿಸುತ್ತಾರೆ. ಕಿಣ್ವವಿರುವೆಡೆಯಲ್ಲಿ ಫಾಸ್ಫೇಟು ಬಿಡುಗಡೆಯಾಗಿ, ಕ್ಯಾಲ್ಸಿಯಮ್ಮಿನೊಡನೆ ಸೇರಿ, ಕರಗದ ಗಸಿಯಾಗಿ ನಿಲ್ಲುತ್ತದೆ. ಈ ಗಸಿಗೆ ಬಣ್ಣವಿಲ್ಲ. ಅದನ್ನು ಕೋಬಾಲ್ಟ್ ಲವಣದಲ್ಲಿ ಅದ್ದಿ, ಅನಂತರ ಅಮೋನಿಯಂ ಸಲ್ಫೈಡಿನಲ್ಲಿಟ್ಟರೆ ಕಪ್ಪಾದ ಕೋಬಾಲ್ಟ್ ಸಲ್ಫೈಡ್ ಉಂಟಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂತ್ರನಾಳಿಕೆಗಳ ಮೊದಲ ಭಾಗದ ಒಳ ಅಂಚು, ಸಣ್ಣಕರುಳಿನ ಹೊದಿಕೆಯ ಮೇಲಂಚು, ಇವು ಕಾಡಿಗೆಯಿಂದ ಗೆರೆಯೆಳೆದಂತೆ ಕಾಣುತ್ತವೆ.

ಇಷ್ಟರಿಂದಲೇ ತೃಪ್ತರಾಗುವಂತಿರಲಿಲ್ಲ. ಅನೇಕ ಸೀಳುಗಳಲ್ಲಿ ಜೀವಕೋಶಗಳ ಕೇಂದ್ರಬೀಜಗಳೂ ಕಪ್ಪಾಗಿ ಕಂಡವು. ಕೇಂದ್ರಬೀಜವೂ ಈ ಕಿಣ್ವದ ನೆಲೆಯೆಂದು ಕೆಲವರು ಬಗೆದರು. ಅದರ ಮೇಲೆ ಸಿದ್ಧಾಂತಗಳೂ ಎದ್ದವು. ಇದನ್ನು ಶಂಕಿಸಿದವರು ಶಾಖದಿಂದ ಕಿಣ್ವವನ್ನು ಕೆಡಿಸಿದ ಸೀಳೊಂದನ್ನು ಕೆಡದ ಸೀಳಿಗೆ ತಗುಲಿಸಿ ದ್ರವದಲ್ಲಿಟ್ಟರು. ಕೆಟ್ಟ ಸೀಳಿನ ಕೇಂದ್ರಬೀಜಗಳೂ ಕಪ್ಪಾದವು! ಅಂದಮೇಲೆ ಆ ಕಪ್ಪು ಅಲ್ಲಿಯೇ ಹುಟ್ಟಿದುದಲ್ಲ, ನೆರೆಯಿಂದ ಹರಿದುಬಂದು ನಿಂತುದು. ಫಾಸ್ಫೇಟು ಗಸಿಯಾಗುವ ಮುನ್ನ ಸರಿಯಬಲ್ಲುದು. ಕಿಣ್ವವೂ ತನ್ನ ಸ್ಥಾನದಿಂದ ಸೋರಬಲ್ಲುದು. ಈ ವಿಧಾನದ ಚರಿತ್ರೆಯಲ್ಲಿ ಇದಕ್ಕಿಂತ ಬೋಧಪ್ರದವಾದ ಪ್ರಸಂಗವನ್ನು ನಾನು ಕಾಣೆನು.

ಆದುದರಿಂದಲೇ ಪ್ರತಿ ಪರೀಕ್ಷೆಯಲ್ಲಿಯೂ ಜೊತೆಸೀಳುಗಳನ್ನಿಡುವುದು ಅಗತ್ಯ. ಒಂದಕ್ಕೆ ಗ್ಲಿಸರೊಫಾಸ್ಫೇಟನ್ನು ಕೊಡುವುದಿಲ್ಲ; ಮತ್ತೊಂದರ ಕಿಣ್ವವನ್ನು ಮೊದಲೇ ಕೆಡಿಸಿರುತ್ತಾರೆ. ಇವೂ ಕಪ್ಪಾದರೆ ಆ ಕಪ್ಪನ್ನು ನಂಬಲಾಗದು. ಎಲುಬಿನಲ್ಲಿ ಸಹಜವಾಗಿಯೇ ಇರುವ ಕ್ಯಾಲ್ಸಿಯಂ ಫಾಸ್ಫೇಟು ಕಿಣ್ವದ ಹಂಗಿಲ್ಲದೆ ಕಪ್ಪಾಗುವುದುಂಟು. ಅಂಗಾಂಶವನ್ನು ಕೆಡದಂತೆ ಕಾಯುವುದರಲ್ಲಿಯೂ ಇಕ್ಕಟ್ಟಿದೆ: ಕಾಯುವ ದ್ರವವು ಕಟುವಾದರೆ ಕಿಣ್ವವು ಸಾಯುತ್ತದೆ, ಮೃದುವಾದರೆ ಸೋರಿಹೋಗುತ್ತದೆ. ತಣ್ಣಗಿನ ಅಸಿಟೋನು, ಹೆಪ್ಪುಗಟ್ಟಿಸಿ ಸೀಳುವುದು ಮುಂತಾದ ಉಪಾಯಗಳು ಇದಕ್ಕಾಗಿ ಬಳಕೆಗೆ ಬಂದವು.

ಈ ಎಚ್ಚರಿಕೆಯು ಕೇವಲ ಪಾಂಡಿತ್ಯದ ವಿಷಯವಲ್ಲ. ಹಿರ್ಷ್‌ಸ್ಪ್ರುಂಗ್ ರೋಗವುಳ್ಳ ಶಿಶುಗಳ ದೊಡ್ಡಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳು ಇರುವುದಿಲ್ಲ. ಮಲವು ಮುಂದೆ ಸಾಗದು. ಗುದನಾಳದಿಂದ ತೆಗೆದ ಕಿರುತುಣುಕಿನಲ್ಲಿ ನರಕೋಶಗಳಿಲ್ಲವೆಂದು ನಿಶ್ಚಯಿಸುವುದು ಕಷ್ಟ. ಪಕ್ಕದ ಸೀಳಿನಲ್ಲಿ ಇದ್ದರೂ ಇರಬಹುದು. ಆದರೆ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಬಣ್ಣದಿಂದ ತೋರಿಸಿದರೆ, ರೋಗವಿರುವೆಡೆಯ ಒಳಪೊರೆಯಲ್ಲಿ ದಪ್ಪನಾದ ನರತಂತುಗಳು ಕಂದುಬಣ್ಣದಿಂದ ಎದ್ದುಕಾಣುತ್ತವೆ. 1972ರಲ್ಲಿ ಮೈಯರ್-ರೂಗೆ ಮೊದಲಾದವರು ಇದನ್ನು ರೋಗನಿರ್ಣಯಕ್ಕೆ ಬಳಕೆಗೆ ತಂದರು. ಶಸ್ತ್ರವೈದ್ಯನು ಕರುಳನ್ನು ಕೊಯ್ಯಬೇಕೆ ಬೇಡವೆ ಎಂಬ ನಿರ್ಧಾರಕ್ಕೆ ಈ ಕಂದು ತಂತುಗಳು ಸಾಕ್ಷಿಯಾಗುತ್ತವೆ. ಆದರೂ ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ತಂತುಗಳು ಇನ್ನೂ ಬೆಳೆದಿರದಿದ್ದರೆ ರೋಗವಿದ್ದೂ ಬಣ್ಣವು ಮೂಡದಿರಬಹುದು. ಅಂಥಲ್ಲಿ ಶಿಶುವು ನಿರೋಗಿಯೆಂದು ಬರೆಯದೆ, ಮತ್ತೊಂದು ತುಣುಕನ್ನು ತರಿಸಿ ನೋಡತಕ್ಕುದು.