ಪಾಡ್ಯದ ದಿನ ಮತ್ತೊಮ್ಮೆ ಹೆಸರು ಬರೆಯೋಣ

ಸರಕಾರಿ ಕಚೇರಿಯ ಕಾರಕೂನರ ಪಾಲಿಗೆ ವರುಷವೆಂಬುದು ಎರಡು ಸಲ ಮುಗಿಯುತ್ತದೆ. ಮಾರ್ಚ್ ೩೧ರಂದು ಒಮ್ಮೆ, ಚೈತ್ರ ಶುದ್ಧ ಪಾಡ್ಯದಂದು ಇನ್ನೊಮ್ಮೆ. ಮೊದಲನೆಯದು ಜಮಾ-ಖರ್ಚಿನ ತಾಳೆ ನೋಡಿ, ಶಿಲ್ಕು ಎಷ್ಟೆಂದು ಬರೆದು, ಸಹಿ ಹಾಕಿ ನಿಟ್ಟುಸಿರು ಬಿಡುವ ದಿನ. ಎರಡನೆಯದು ಎಣ್ಣೆ-ನೀರು ಮುಗಿಸಿ, ಬೇವು-ಬೆಲ್ಲ ತಿಂದು, ಬರುವ ವರುಷ ಹೀಗಿರೋಣ, ಹಾಗಿರೋಣ ಎಂದು ಮನಸ್ಸಿನಲ್ಲಿಯೇ ಮಂಡಿಗೆ ತಿನ್ನುವ ದಿನ. ನಮ್ಮ ಬೊರಿವಲಿಯಲ್ಲಿ ನೆರೆಮನೆಯವರು ಗುಡಿ ಏರಿಸುತ್ತಿರುವಾಗ ನಾವು ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತೇವೆ. ಮೇಲಿನ ಮಾಳಿಗೆಯ ತುಳುವ ಕುಟುಂಬ ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ ಕಾದಿರುತ್ತದೆ. ಹಬ್ಬ ಯಾವುದಾದರೇನು, ಹಳೆಯದಕ್ಕೆ ಕೈ ಮುಗಿದು ಹೊಸದಕ್ಕೆ ಕೈ ಹಾಕುವ ಹುರುಪು ಎಲ್ಲರದೂ ಒಂದೇ.

ಊರು ಬಿಟ್ಟು ಬಂದ ನಮ್ಮಂಥವರ ಬಾಳಿನಲ್ಲಿ ನವೀಕರಿಸಬೇಕಾದವು ಬಹಳ. ಮೂರು ತಿಂಗಳ ರೇಲ್ವೆ ಪಾಸಿನ ಮುದ್ದತು ಒಂದು ದಿನ ಮೀರಿದರೂ ಟಿಕೆಟ್ ತಪಾಸಣೆಯವನು ಬಿಡುವುದಿಲ್ಲ. ವಿಮೆಯ ಕಂತು ತಪ್ಪಿದರೆ ದಂಡ. ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಮುಗಿದರೆ ಮನೆಯ ಒಡೆಯನೇ ನೆನಪಿಸುತ್ತಾನೆ. ಇವೆಲ್ಲಕ್ಕೂ ಹಿಂದೊಬ್ಬ ಕಾವಲುಗಾರನಿದ್ದಾನೆ. ಆದರೆ ಯಾವ ಕಾವಲುಗಾರನೂ ಇಲ್ಲದ, ದಂಡವಾಗಲಿ ಬಹಿಷ್ಕಾರವಾಗಲಿ ಇಲ್ಲದ ಒಂದು ಕರಾರೂ ಉಂಟು. ನಾವೇ ಇಷ್ಟಪಟ್ಟು ಸೇರಿದ ಪ್ರಾರ್ಥನೆಯ ಬಳಗದೊಡನೆ ನಮಗಿರುವ ಕರಾರು ಅದು. ಈ ಸಲದ ಯುಗಾದಿಗೆ ಅದನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಈ ಲೇಖನ.

ವಾಚಕರಲ್ಲಿ ಕೆಲವರಿಗೆ ತಿಳಿದಂತೆ, ನಮ್ಮ ಬಡಾವಣೆಯ ಹತ್ತು ಕನ್ನಡ ಕುಟುಂಬಗಳು ತಿಂಗಳಿಗೊಂದು ರವಿವಾರ ಸಂಜೆ ಒಂದು ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡುವ ರೂಢಿ ಇಟ್ಟುಕೊಂಡಿವೆ. ಜಾತಿ ಕೇಳುವುದಿಲ್ಲ, ಪುರೋಹಿತರಿಲ್ಲ. ಒಂದು ವಚನ, ಒಂದು ದಾಸರ ಪದ, ನೆರೆಯವರು ಬಂದರೆ ಒಂದು ಅಭಂಗ, ಸ್ವಲ್ಪ ಹೊತ್ತು ಮೌನ, ಕೊನೆಗೆ ಅವಲಕ್ಕಿ-ಚಹಾ. ಮೊದಮೊದಲು ಚಾಪೆ ಸಾಲದೆ ಮಕ್ಕಳು ಮಂಚದ ಮೇಲೆ ಕೂಡುತ್ತಿದ್ದರು. ಕಳೆದ ಕೆಲವು ತಿಂಗಳಿಂದ ಮೂರು ಮನೆಯವರು ಬಂದರೆ ಹೆಚ್ಚು. ಜಗಳವೇನೂ ಆಗಿಲ್ಲ. ಒಂದು ರವಿವಾರ ಜಂಬೋ ಬ್ಲಾಕು, ಇನ್ನೊಂದು ರವಿವಾರ ಮಗಳ ಟ್ಯೂಷನ್ನು, ಮತ್ತೊಂದಕ್ಕೆ ಕಲ್ಯಾಣದಲ್ಲಿ ಮದುವೆ. ಹಿರಿಯರೊಬ್ಬರು, “ಯಾರಿಗೂ ಬೇಡವಾದದ್ದನ್ನು ಯಾಕೆ ಎಳೆಯುವುದು? ಪಾಡ್ಯಕ್ಕೆ ಮುಗಿಸಿಬಿಡೋಣ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಮುಗಿಸಬೇಕೆ, ಮುಂದುವರಿಸಬೇಕೆ ಎಂಬ ಪ್ರಶ್ನೆ ಈಗ ನಮ್ಮೆದುರಿಗಿದೆ.

ಇಂಥ ಪ್ರಶ್ನೆಯನ್ನು ಎದುರಿಸಿದವರಲ್ಲಿ ನಾವು ಮೊದಲಿಗರಲ್ಲ. ಇದೇ ಮುಂಬಯಿಯಲ್ಲಿ ನಮಗಿಂತ ದೊಡ್ಡವರು ಇದೇ ದಾರಿಯಲ್ಲಿ ನಡೆದಿದ್ದಾರೆ. ಗಿರಗಾಂವಿನಲ್ಲಿ ಬಸ್ಸಿನವರು ‘ಪ್ರಾರ್ಥನಾ ಸಮಾಜ’ ಎಂದು ಕೂಗುವಾಗ ಅದು ಬರಿಯ ತಂಗುದಾಣದ ಹೆಸರೆಂದು ತಿಳಿದವರೇ ಹೆಚ್ಚು. ಅದು ಒಂದು ಸಭೆಯ ಹೆಸರು. ಆ ಸಭೆ ಹುಟ್ಟಿದ್ದು ೧೮೬೭ರ ಮಾರ್ಚ್ ೩೧ರಂದು, ಅಂದು ರವಿವಾರ. ಕಾರಕೂನರಿಗೆ ಮೋಜೆನಿಸುವ ಇನ್ನೊಂದು ಸಂಗತಿಯಿದೆ. ನಮ್ಮ ದೇಶದ ಸರಕಾರಿ ಲೆಕ್ಕದ ವರುಷ ಏಪ್ರಿಲ್ ಒಂದರಿಂದ ಮೊದಲಾಗತೊಡಗಿದ್ದೂ ೧೮೬೭ರಲ್ಲಿಯೇ. ಅದಕ್ಕೆ ಮುಂಚೆ ಅದು ಮೇ ತಿಂಗಳಿನಲ್ಲಿ ತೊಡಗುತ್ತಿತ್ತು.

ಪ್ರಾರ್ಥನಾ ಸಮಾಜವನ್ನು ಸ್ಥಾಪಿಸಿದವರು ಡಾಕ್ಟರ ಆತ್ಮಾರಾಮ ಪಾಂಡುರಂಗರು ಮತ್ತು ಅವರ ಗೆಳೆಯರು. ೧೮೬೪ರಲ್ಲಿ ಕಲಕತ್ತೆಯ ಕೇಶವಚಂದ್ರ ಸೇನರು ಮುಂಬಯಿಗೆ ಬಂದು ಮಾಡಿದ ಭಾಷಣಗಳು ಈ ಗೆಳೆಯರ ಮನಸ್ಸನ್ನು ಕಲಕಿದ್ದವು. ದೇವರು ಒಬ್ಬನೇ, ಅವನನ್ನು ಪ್ರೀತಿಯಿಂದ ಪ್ರಾರ್ಥಿಸುವುದೇ ನಿಜವಾದ ಪೂಜೆ, ಮನುಷ್ಯರೆಲ್ಲ ಅವನ ಮಕ್ಕಳು. ಇಷ್ಟೇ ಅವರ ನಂಬಿಕೆಯ ತಿರುಳು. ಯಾವ ಗ್ರಂಥವೂ ತಪ್ಪಿಗೆ ಹೊರತಲ್ಲ ಎಂದರು. ಕೆಲಕಾಲದಲ್ಲಿಯೇ ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಗೋಪಾಳ ಭಾಂಡಾರಕರರಂಥ ವಿದ್ವಾಂಸರು ಬಂದು ಸೇರಿದರು. ೧೮೭೪ರಲ್ಲಿ ಗಿರಗಾಂವಿನಲ್ಲಿ ಸಮಾಜದ ಮಂದಿರವೆದ್ದಿತು. ಅದು ಇಂದಿಗೂ ನಿಂತಿದೆ. ಪ್ರಾರ್ಥನೆಗೆ ಅವರು ಆರಿಸಿಕೊಂಡ ನುಡಿ ಜನರ ನುಡಿಯಾದ ಮರಾಠಿ. ತುಕಾರಾಮರ ಅಭಂಗಗಳು ಅವರ ಉಪಾಸನೆಯ ಉಸಿರಾದವು.

ಇದಕ್ಕೆ ಮುಂಚೆ, ೧೮೪೯ರಲ್ಲಿ, ಆತ್ಮಾರಾಮರ ಅಣ್ಣ ದಾದೋಬಾ ಪಾಂಡುರಂಗರು ಮೊದಲಾದವರು ಪರಮಹಂಸ ಮಂಡಳಿ ಎಂಬ ಗುಪ್ತ ಸಂಘವನ್ನು ಕಟ್ಟಿದ್ದರು. ಅದರ ಸದಸ್ಯರು ಜಾತಿಭೇದವನ್ನು ಬಿಡುವೆವೆಂದು ಪ್ರತಿಜ್ಞೆ ಮಾಡಿ, ಅನ್ಯರ ಕೈಯ ರೊಟ್ಟಿ ತಿಂದು ಅದನ್ನು ಸ್ಥಿರಪಡಿಸುತ್ತಿದ್ದರು. ಆದರೆ ಎಲ್ಲವೂ ಮುಚ್ಚಿದ ಬಾಗಿಲಿನ ಹಿಂದೆ. ೧೮೬೦ರ ಸುಮಾರಿಗೆ ಸದಸ್ಯರ ಹೆಸರುಗಳಿದ್ದ ಪುಸ್ತಕ ಕಳವಾಗಿ ಗುಟ್ಟು ರಟ್ಟಾಗಲು, ಮಂಡಳಿ ಚದರಿಹೋಯಿತು. ಯಾವ ಹೆಸರಿನ ಪಟ್ಟಿ ಬಯಲಾದೀತೆಂಬ ಭಯದಿಂದ ಒಂದು ಸಂಘ ಒಡೆಯಿತೋ, ಅಂಥದೇ ಹೆಸರನ್ನು ಬೆಳಕಿನಲ್ಲಿ ಬರೆಯುವ ಧೈರ್ಯದಿಂದ ಇನ್ನೊಂದು ನಿಂತಿತು.

ಬೆಳಕಿಗೆ ಬಂದವರೂ ಒಂದು ಎಚ್ಚರಿಕೆಯನ್ನು ಇಟ್ಟುಕೊಂಡರು. ಸಮಾಜ ಸೇರುವವರು ಜಾತಿ ಬಿಡಲೇಬೇಕೆಂದಾಗಲಿ, ಮನೆಯ ದೇವರ ಪೆಟ್ಟಿಗೆಯನ್ನು ಹೊರಗಿಡಬೇಕೆಂದಾಗಲಿ ನಿರ್ಬಂಧ ಹೇರಲಿಲ್ಲ. ಇದನ್ನು ಹೇಡಿತನವೆಂದು ಹಳಿದವರುಂಟು, ವಿವೇಕವೆಂದು ಹೊಗಳಿದವರುಂಟು. ನಮಗೆ ತೋರುವುದಿಷ್ಟು: ನಿರ್ಬಂಧವಿಲ್ಲದ ಧರ್ಮ ಸುಲಭವಾದ ಧರ್ಮವಲ್ಲ. ಹೊರಗಿನಿಂದ ಹಿಡಿದಿಡುವ ಹಗ್ಗವಿಲ್ಲವಾದ್ದರಿಂದ ಒಳಗಿನ ಗಂಟನ್ನು ಆಗಾಗ ಬಿಗಿಯುತ್ತಲೇ ಇರಬೇಕು.

ರಾನಡೆಯವರ ಬಾಳೇ ಇದಕ್ಕೆ ಸಾಕ್ಷಿ. ವಿಧವಾ ವಿವಾಹದ ಪರವಾಗಿ ನಿಂತಿದ್ದ ಅವರು, ೧೮೭೩ರಲ್ಲಿ ಮೊದಲ ಪತ್ನಿ ತೀರಿಕೊಂಡಾಗ ತಂದೆಯ ಒತ್ತಾಯಕ್ಕೆ ಮಣಿದು ಹನ್ನೊಂದು ವರುಷದ ಹುಡುಗಿಯನ್ನು ಮದುವೆಯಾದರು. ಊರೆಲ್ಲ ಆಡಿಕೊಂಡಿತು. ಅಂಥ ಸೋಲಿನ ಮರುದಿನ ಸಭೆಗೆ ಮುಖ ತೋರಿಸುವುದು ಎಷ್ಟು ಕಷ್ಟವೆಂದು ಯಾರಾದರೂ ಊಹಿಸಬಹುದು. ರಾನಡೆಯವರು ಸಮಾಜ ಬಿಡಲಿಲ್ಲ. ಮನೆಯ ಹಿರಿಯ ಹೆಂಗಸರ ಕೊಂಕು ಮಾತುಗಳ ನಡುವೆಯೂ ಆ ಹುಡುಗಿಗೆ ತಾವೇ ಅಕ್ಷರ ಕಲಿಸಿದರು. ಆಕೆಯೇ ರಮಾಬಾಯಿ ರಾನಡೆ. ೧೯೦೯ರಲ್ಲಿ ಪುಣೆಯ ಸೇವಾ ಸದನವನ್ನು ಕಟ್ಟಿ ಸಾವಿರಾರು ಹೆಂಗಸರ ವಿದ್ಯೆಗೆ ದಾರಿ ತೆರೆದ ಮಹಿಳೆ. ತಪ್ಪು ತಪ್ಪೇ, ಅದನ್ನು ಒರಸಲಾಗದು. ಆದರೆ ಸಂಕಲ್ಪವೆಂಬುದು ಎಂದೂ ಎಡವದವರಿಗೆ ಕೊಡುವ ಬಿರುದಲ್ಲ. ಎಡವಿದವರು ಎದ್ದು ಮತ್ತೆ ಬಂದು ಸೇರುವ ಬಾಗಿಲು ಅದು.

ಇನ್ನು, ಈ ಸಭೆ ಕನ್ನಡಿಗರಿಗೆ ಪರಕೀಯವೆಂದು ಯಾರೂ ಎಣಿಸಬೇಕಾಗಿಲ್ಲ. ಬೊರಿವಲಿಯ ಪಶ್ಚಿಮ ಭಾಗದಲ್ಲಿ ಚಂದಾವರಕರ ರಸ್ತೆ ಎಂಬ ಹೆಸರನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಆ ಮನೆತನದ ಹೆಸರಿನಲ್ಲಿ ಉತ್ತರ ಕನ್ನಡದ ಚಂದಾವರವೆಂಬ ಊರಿದೆ. ಹೆಸರು ಕೇಳಿದಾಗಲೆಲ್ಲ ನಮಗೆ ನೆನಪಾಗುವವರು ಸರ್ ನಾರಾಯಣ ಗಣೇಶ ಚಂದಾವರಕರರು. ೧೮೫೫ರಲ್ಲಿ ಹೊನ್ನಾವರದಲ್ಲಿ ಹುಟ್ಟಿ, ೧೯೦೦ರಲ್ಲಿ ಲಾಹೋರಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ, ಅನಂತರ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದವರು. ೧೯೦೧ರಲ್ಲಿ ರಾನಡೆಯವರು ತೀರಿಕೊಂಡ ಮೇಲೆ ಪ್ರಾರ್ಥನಾ ಸಮಾಜದ ಭಾರ ಇವರ ಹೆಗಲಿಗೆ ಬಂತು. ಕೋರ್ಟಿನಲ್ಲಿ ತೀರ್ಪು ಹೇಳುವ ಮನುಷ್ಯ ಸಮಾಜದ ವೇದಿಕೆಯಲ್ಲಿ ನಿಂತು ಉಪದೇಶ ಮಾಡುತ್ತಿದ್ದರು. ಕೆಲಸದ ಗಡಿಬಿಡಿಯೆಂಬ ನಮ್ಮ ನೆಪ ಅವರ ಮುಂದೆ ನಿಲ್ಲಲಾರದು.

ಎರಡನೆಯವರು ಜಮಖಂಡಿಯವರು, ವಿಠ್ಠಲ ರಾಮಜೀ ಶಿಂದೆ. ಹುಟ್ಟಿದ್ದು ೧೮೭೩ರಲ್ಲಿ. ೧೯೦೧ರಿಂದ ೧೯೦೩ರ ವರೆಗೆ ಆಕ್ಸಫರ್ಡಿನ ಮ್ಯಾಂಚೆಸ್ಟರ ಕಾಲೇಜಿನಲ್ಲಿ, ಏಕದೇವವಾದಿಗಳಾದ ಯುನಿಟೇರಿಯನ್ ಕ್ರೈಸ್ತರ ನೆರವಿನಿಂದ, ಧರ್ಮಗಳ ತೌಲನಿಕ ಅಭ್ಯಾಸ ಮಾಡಿ ಬಂದು ಮುಂಬಯಿ ಪ್ರಾರ್ಥನಾ ಸಮಾಜದ ಪ್ರಚಾರಕರಾದರು. ಪ್ರಚಾರವೆಂದರೆ ಭಾಷಣವೆಂದು ಅವರು ತಿಳಿಯಲಿಲ್ಲ. ೧೯೦೬ರ ಅಕ್ಟೋಬರ್ ೧೮ರಂದು ಪರಳದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಆರಂಭಿಸಿದರು. ಚಂದಾವರಕರರು ಅದರ ಅಧ್ಯಕ್ಷರಾದರು. ಹೊನ್ನಾವರದ ನ್ಯಾಯಾಧೀಶರೂ ಜಮಖಂಡಿಯ ಬಡ ಪದವೀಧರರೂ ಪರಳದ ಒಂದು ಶಾಲೆಯಲ್ಲಿ ಕೂಡಿದ್ದು ಯಾವ ಜಾತಿಯ ನಂಟಿನಿಂದಲೂ ಅಲ್ಲ, ಒಂದೇ ಪ್ರಾರ್ಥನೆಯ ನಂಟಿನಿಂದ. ೧೯೧೦ರಲ್ಲಿ ಶಿಂದೆಯವರು ಮುಂಬಯಿ ಸಮಾಜದ ಕೆಲಸ ಬಿಟ್ಟರು. ಹಿಡಿದ ಸೇವೆಯನ್ನು ಬಿಡಲಿಲ್ಲ.

ಮೂರನೆಯ ಕೊಂಡಿ ಮಂಗಳೂರಿನದು. ಉಳ್ಳಾಲ ರಘುನಾಥಯ್ಯನವರು ಮುಂದಾಗಿ ೧೮೭೦ರಲ್ಲಿ ಅಲ್ಲಿ ಬ್ರಹ್ಮಸಮಾಜ ಕಟ್ಟಿದರು. ಬಿಲ್ಲವರ ಮುಖಂಡ ಅರಸಪ್ಪನವರೂ ಆ ಕಾಲದಲ್ಲಿ ಬ್ರಹ್ಮಧರ್ಮದತ್ತ ಒಲಿದಿದ್ದರು. ಸಮಾಜ ದೊಡ್ಡದಾಗಿ ಬೆಳೆಯಲಿಲ್ಲ. ಆದರೆ ಆ ಸಣ್ಣ ಸಭೆಯಿಂದ ಕುದ್ಮುಲ್ ರಂಗರಾಯರಂಥವರು ಬಂದರು. ೧೮೫೯ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಈ ವಕೀಲರು ದಲಿತ ಮಕ್ಕಳಿಗೆ ಶಾಲೆ ತೆರೆದು, ಸ್ವಂತ ಸಮಾಜದವರ ವಿರೋಧವನ್ನು ನುಂಗಿಕೊಂಡು, ೧೮೯೭ರಲ್ಲಿ ಮಂಗಳೂರಿನ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದರು. ತಾವು ಕಲಿಸಿದ ಮಕ್ಕಳು ಓದಿ ದೊಡ್ಡ ಹುದ್ದೆಗೇರಿ ಮೋಟಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಯ ಮೇಲೆ ಬೀಳಬೇಕೆಂಬುದು ಅವರ ಹಾರೈಕೆಯಾಗಿತ್ತು. ಮುಂಬಯಿಯಲ್ಲಿ ಶಿಂದೆಯವರ ಶಾಲೆ ತೆರೆಯುವುದಕ್ಕೆ ಒಂಬತ್ತು ವರುಷ ಮುಂಚಿನ ಮಾತಿದು. ತಲೆ ಎಣಿಸಿ ಸಭೆಯ ಬೆಲೆ ಕಟ್ಟುವವರು ಇದನ್ನು ಮರೆಯಬಾರದು.

“ದೇವರ ನೆನವಿಗೆ ಸಭೆ ಯಾಕೆ? ಮನೆಯ ಮೂಲೆಯಲ್ಲಿ ದೀಪ ಹಚ್ಚಿದರೆ ಸಾಲದೆ?” ಎಂದು ಕೇಳುವವರಿದ್ದಾರೆ. ದೀಪ ಹಚ್ಚಬೇಕು, ನಿಜ. ಆದರೆ ಒಬ್ಬಂಟಿಯಾಗಿ ಕೂತಾಗ ನಮ್ಮ ಗೈರುಹಾಜರಿ ಯಾರಿಗೂ ತಿಳಿಯದು. ಬಳಗದಲ್ಲಿ ಖಾಲಿ ಚಾಪೆ ಕಣ್ಣಿಗೆ ಬೀಳುತ್ತದೆ, “ಅಕ್ಕ, ಕಳೆದ ಸಲ ಬರಲಿಲ್ಲವಲ್ಲ, ಮೈ ಹುಷಾರಿಲ್ಲವೇ?” ಎಂದು ಯಾರಾದರೂ ಕೇಳುತ್ತಾರೆ. ಮುಂಬಯಿಯಂಥ ಊರಿನಲ್ಲಿ ಹಾಗೆ ಕೇಳುವವರೊಬ್ಬರಿರುವುದು ಸಣ್ಣ ಮಾತಲ್ಲ. ನಮ್ಮಲ್ಲಿ ಜಾತಿಗೊಂದು ಸಂಘವಿದೆ. ಅವು ಮಾಡಿದ ಉಪಕಾರವೂ ದೊಡ್ಡದು. ಆದರೂ ಎಲ್ಲ ಜಾತಿಯ ಕನ್ನಡ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚುವ ಜಾಗಗಳು ಕಡಿಮೆ. ಇದ್ದ ಒಂದನ್ನು ಬರಿಯ ಅಲಸ್ಯದಿಂದ ಕಳೆದುಕೊಂಡರೆ, ನಾಳೆ ಮಕ್ಕಳು “ನೀವು ಯಾಕೆ ನಿಲ್ಲಿಸಿದಿರಿ?” ಎಂದು ಕೇಳಿದಾಗ ಜಂಬೋ ಬ್ಲಾಕಿನ ಕಾರಣ ಹೇಳಬೇಕಾದೀತು.

ಸಂಕಲ್ಪವನ್ನು ವರುಷವರುಷವೂ ನೆನೆಯುವ ಪದ್ಧತಿ ಲೋಕದಲ್ಲಿ ಹಳೆಯದು. ೧೮೪೩ರ ಡಿಸೆಂಬರ್ ೨೧ರಂದು, ಬಂಗಾಳಿಗಳ ಪೌಷ ಮಾಸದ ಏಳನೆಯ ದಿನ, ದೇವೇಂದ್ರನಾಥ ಠಾಕೂರರು ಇಪ್ಪತ್ತು ಮಂದಿ ಗೆಳೆಯರೊಡನೆ ಬ್ರಹ್ಮಧರ್ಮದ ಪ್ರತಿಜ್ಞೆ ಸ್ವೀಕರಿಸಿದರು. ಶಾಂತಿನಿಕೇತನದ ಪೌಷ ಮೇಳದ ಬೇರು ಆ ದಿನದಲ್ಲಿದೆ. ಕ್ರೈಸ್ತರಲ್ಲಿ ಮೆಥಡಿಸ್ಟ್ ಪಂಥದವರು ಹೊಸ ವರುಷದ ಮೊದಲಲ್ಲಿ ಕೂಡಿ ದೇವರೊಡನೆ ತಮ್ಮ ಒಡಂಬಡಿಕೆಯನ್ನು ಮತ್ತೆ ಉಚ್ಚರಿಸುತ್ತಾರೆ. ಒಮ್ಮೆ ಕೊಟ್ಟ ಮಾತು ಸಾಲದೆಂದಲ್ಲ. ಮನುಷ್ಯನ ಮನಸ್ಸು ಮರೆಯುತ್ತದೆ, ಅದಕ್ಕಾಗಿ.

ಆದ್ದರಿಂದ ನಮ್ಮ ಬಳಗದ ಮುಂದೆ, ಹಾಗೆಯೇ ಬೇರೆ ಬೇರೆ ಉಪನಗರಗಳಲ್ಲಿ ಇಂಥ ಕೂಟ ನಡೆಸುವ ಬಂಧು-ಭಗಿನಿಯರ ಮುಂದೆ ಒಂದು ಸಲಹೆಯನ್ನಿಡುತ್ತೇವೆ. ಈ ಪಾಡ್ಯಕ್ಕೆ ಒಂದು ಹೊಸ ವಹಿ ತರೋಣ. ಹಳೆಯ ಪಟ್ಟಿಯನ್ನು ನಕಲು ಮಾಡುವುದು ಬೇಡ; ಕಳೆದ ವರುಷದ ಹೆಸರು ಈ ವರುಷಕ್ಕೆ ತಾನಾಗಿ ಮುಂದುವರಿಯದಿರಲಿ. ಇರಬೇಕೆನ್ನುವವರು ತಮ್ಮ ಕೈಯಿಂದಲೇ ಹೆಸರು ಬರೆಯಲಿ. ಅಜ್ಜಿಯೂ ಬರೆಯಲಿ, ಅಕ್ಷರ ಕಲಿತ ಮಗುವೂ ಬರೆಯಲಿ. ಬರೆಯಲೊಲ್ಲದವರಿಗೆ ಚಹಾ ತಪ್ಪುವುದಿಲ್ಲ, ಮನಸ್ತಾಪವೂ ಇಲ್ಲ. ಹೆಸರಿನ ಮುಂದೆ ಮೂರು ಕಾಲಂ ಇರಲಿ: ಹೊತ್ತು, ದುಡ್ಡು, ದುಡಿಮೆ. ತಿಂಗಳಿಗೊಂದು ರವಿವಾರದ ಒಂದು ತಾಸು ಹೊತ್ತು. ಕೈಲಾದಷ್ಟು ವರ್ಗಣಿ, ಹತ್ತು ರೂಪಾಯಿಯಾದರೂ ಸರಿ. ದುಡಿಮೆಯೆಂದರೆ ಕೆಳಗಿನ ಕಾವಲುಗಾರನ ಮಗನಿಗೆ ಲೆಕ್ಕ ಹೇಳಿಕೊಡುವುದೋ, ಒಂಟಿಯಾಗಿರುವ ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುವುದೋ, ತಮಗೆ ಒಗ್ಗಿದ್ದೊಂದು ಕೆಲಸ. ೧೮೭೬ರಲ್ಲಿಯೇ ಪ್ರಾರ್ಥನಾ ಸಮಾಜದವರು ಕೆಲಸಗಾರರಿಗಾಗಿ ರಾತ್ರಿಶಾಲೆ ತೆರೆದಿದ್ದರು. ನಾವು ಒಂದು ಮಗುವಿಗೆ ಗುಣಾಕಾರ ಕಲಿಸಲಾರೆವೆ?

ಹತ್ತು ಮನೆಯಲ್ಲಿ ನಾಲ್ಕೇ ಹೆಸರು ಬಂದರೂ ಚಿಂತೆಯಿಲ್ಲ. ಒತ್ತಾಯದಿಂದ ಉಳಿದ ಹತ್ತಕ್ಕಿಂತ ಮನಸಾರೆ ಬರೆದ ನಾಲ್ಕು ಮೇಲು. ನಾಲ್ಕರಿಂದ ಮತ್ತೆ ಎಣಿಕೆ ತೊಡಗಲಿ. ಬೇವಿನ ಕಹಿ ನಾಲಗೆಯ ಮೇಲಿರುವಾಗಲೇ ಹೆಸರು ಬರೆದರೆ ಒಳ್ಳೆಯದೆಂದು ನಮ್ಮ ಎಣಿಕೆ. ಬೆಲ್ಲ ಒಂದೇ ಇರುವ ವರುಷ ಯಾರಿಗೂ ಬರುವುದಿಲ್ಲ. ಕಹಿ ಬಂದಾಗ ಪಕ್ಕದ ಚಾಪೆಯಲ್ಲಿ ಯಾರಾದರೂ ಇರಲಿ ಎಂಬುದಕ್ಕಾಗಿಯೇ ಅಲ್ಲವೇ ಈ ಕೂಟ? ಯುಗಾದಿ ಕಳೆದ ಮೊದಲ ರವಿವಾರ ಸಂಜೆ ಐದಕ್ಕೆ ವಹಿ ತೆರೆದಿರುತ್ತದೆ. ಪೆನ್ನು ಮರೆಯದೆ ತನ್ನಿರಿ.