ಅಪ್ಪನ ಸಿಇಎ ರಿಪೋರ್ಟ್

ಅಪ್ಪನಿಗೆ ದೊಡ್ಡ ಕರುಳಿನ ಆಪರೇಷನ್ ಆಗಿ ವರ್ಷವಾಯ್ತು. ಮೂರು ತಿಂಗಳಿಗೊಮ್ಮೆ ಸಿಇಎ ರಕ್ತಪರೀಕ್ಷೆ. ಈ ಸಲ 2 ಇದ್ದದ್ದು 6 ಆಗಿತ್ತು.

ರಾತ್ರಿ ನಿದ್ದೆ ಬರಲಿಲ್ಲ, ಓದುತ್ತಾ ಕೂತೆ. 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್, ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕರುಳಿನ ಗಡ್ಡೆಯಲ್ಲೂ ಭ್ರೂಣದ ಕರುಳಲ್ಲೂ ಗುರುತಿಸಿದ ಪ್ರೋಟೀನ್ ಇದು. ಇದರ ಜೀನ್ 19ನೇ ಕ್ರೋಮೋಸೋಮಿನಲ್ಲಿದೆ; ಅಕ್ಕಪಕ್ಕದಲ್ಲೇ ದಾಯಾದಿಗಳ ಸಾಲು. ಥೇಟ್ ನಮ್ಮ ಆಫೀಸಿನ ಹಳೇ ಕೋಡ್: ಒಂದೇ ಮೂಲ, ಕಾಪಿ-ಪೇಸ್ಟ್, ಆಮೇಲೆ ಚೂರುಪಾರು ಬದಲಾವಣೆ. ಅವುಗಳಲ್ಲಿ ಕೆಲವು ಕೆಲಸ ಮಾಡೋದು ಗರ್ಭಿಣಿಯ ಮಾಸಿನಲ್ಲಿ! ಆರೋಗ್ಯವಂತರ ಕರುಳಲ್ಲೂ ಸಿಇಎ ಇರುತ್ತೆ. ಸಿಗರೇಟು ಸೇದೋರ ರಕ್ತದಲ್ಲಿ ಸ್ವಲ್ಪ ಏರಬಹುದು.

ಬೆಳಿಗ್ಗೆ ಕೇಳಿದೆ, "ಅಪ್ಪಾ, ಮತ್ತೆ ಸಿಗರೇಟು ಶುರು ಮಾಡಿದ್ರಾ?"

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

"ಸಿಗರೇಟೇ ಇರಬಹುದು, ಆದ್ರೂ ಸ್ಕ್ಯಾನ್ ಮಾಡ್ಸಿಬಿಡಿ" ಅಂದ್ರು ಡಾಕ್ಟರು. ಗುರುವಾರಕ್ಕೆ ಬುಕ್ ಮಾಡಿದ್ದೀನಿ.