ಎಂಟು ಅಡಿ ದೂರದಲ್ಲಿ ಹುಲಿ, ಒಂದೇ ಕೈಯಲ್ಲಿ ರೈಫಲ್

ಇವತ್ತಿನ ಎಪಿಸೋಡ್ ಕೋವಿಯ ತೂಕದ ಬಗ್ಗೆ. ಮೊದಲೇ ಹೇಳಿಬಿಡ್ತೀನಿ, ಇದು ಬೇಟೆಗೆ ಹೋಗಿ ಅಂತ ಹೇಳೋ ಎಪಿಸೋಡ್ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ದೇಶದಲ್ಲಿ ಷಿಕಾರಿ ಮುಗಿದ ಕಥೆ. ಆದರೆ ತೇಜಸ್ವಿಯವರ ಕನ್ನಡದಲ್ಲಿ ಕಾರ್ಬೆಟ್, ಆಂಡರ್ಸನ್ ಕಥೆಗಳನ್ನು ಓದಿ ಬೆಳೆದವರಿಗೆ ಒಂದು ಪ್ರಶ್ನೆ ಇದ್ದೇ ಇರುತ್ತೆ: ಈ ಮನುಷ್ಯರು ಕಾಲ್ನಡಿಗೆಯಲ್ಲಿ ನರಭಕ್ಷಕನ ಹಿಂದೆ ಹೋಗುವಾಗ ಕೈಯಲ್ಲಿ ಏನು ಹಿಡಿದಿದ್ರು, ಅದನ್ನೇ ಯಾಕೆ ಹಿಡಿದಿದ್ರು?

1930ರ ಏಪ್ರಿಲ್ 11. ಕುಮಾವ್‌ನ ಕಾಲಾ ಅಗರ್ ಹತ್ತಿರದ ಕಾಡು. ಜಿಮ್ ಕಾರ್ಬೆಟ್ ಹುಡುಕ್ತಾ ಇದ್ದದ್ದು ಚೌಗಢದ ಹೆಣ್ಣುಹುಲಿಯನ್ನು. ಅದೂ ಅದರ ಮರಿಯೂ ಸೇರಿ 64 ಜನರನ್ನು ಕೊಂದಿದ್ದವು ಅನ್ನೋದು ದಾಖಲೆ. ಹೋಗೋ ದಾರಿಯಲ್ಲಿ ಕಾರ್ಬೆಟ್‌ಗೆ ನೈಟ್‌ಜಾರ್ ಹಕ್ಕಿಯ ಎರಡು ಮೊಟ್ಟೆ ಸಿಕ್ಕವು. ಮೊಟ್ಟೆ ಸಂಗ್ರಹಿಸೋ ಹವ್ಯಾಸ ಅವರಿಗೆ. ಎಡಗೈಯಲ್ಲಿ ಮೊಟ್ಟೆ, ಬಲಗೈಯಲ್ಲಿ ರೈಫಲ್. ಹಳ್ಳದಲ್ಲಿ ಇಳೀತಾ ಒಂದು ದೊಡ್ಡ ಬಂಡೆ ದಾಟಿ ಬಲಭುಜದ ಮೇಲಿಂದ ಹಿಂದಕ್ಕೆ ನೋಡಿದ್ರೆ, ಹುಲಿ ಕೂತಿದೆ. ಎಂಟು ಅಡಿ ದೂರ.

ರೈಫಲ್ ಎದೆಗೆ ಅಡ್ಡಲಾಗಿ ಇತ್ತು, ಬಾಯಿ ಇನ್ನೊಂದು ದಿಕ್ಕಿಗೆ. ಹುಲಿ ಕಡೆ ತಿರುಗಿಸಬೇಕು ಅಂದ್ರೆ ಮುಕ್ಕಾಲು ಸುತ್ತು ಬರಬೇಕು. ಕಾರ್ಬೆಟ್ ಒಂದೇ ಕೈಯಲ್ಲಿ, ಕಂಡೂ ಕಾಣದಷ್ಟು ನಿಧಾನವಾಗಿ ತಿರುಗಿಸಿದರು. ಕೊನೆಗೆ ಕೈ ಪೂರ್ತಿ ಚಾಚಿ ಹೋಯ್ತು, ಆಗ ಗುಂಡು ಹಾರಿಸಿದರು. ಬದುಕಿದ್ದಕ್ಕೆ ಅವರೇ ಆಮೇಲೆ ಮೂರು ಕಾರಣ ಕೊಡ್ತಾರೆ. ಒಂದು, ಎಡಗೈಯಲ್ಲಿ ಮೊಟ್ಟೆ ಇದ್ದದ್ದು, ಇಲ್ಲದಿದ್ರೆ ಎರಡೂ ಕೈಯಲ್ಲಿ ರೈಫಲ್ ಹಿಡಿದು ಗಕ್ಕನೆ ತಿರುಗಿಬಿಡ್ತಿದ್ರು, ಹುಲಿ ನೆಗೀತಿತ್ತು. ಇನ್ನೊಂದು, ಅದು ನರಭಕ್ಷಕ ಆಗಿದ್ದದ್ದು. ಮತ್ತೊಂದು, ಕೈಯಲ್ಲಿದ್ದದ್ದು ಹಗುರ ರೈಫಲ್ ಅನ್ನೋದು.

ಆ ರೈಫಲ್ಲು .275 ರಿಗ್ಬಿ. ಚಂಪಾವತ್‌ನ ನರಭಕ್ಷಕನನ್ನು ಕೊಂದಿದ್ದಕ್ಕೆ 1907ರಲ್ಲಿ ಸರ್ಕಾರದ ಕಡೆಯಿಂದ ಬಂದ ಉಡುಗೊರೆ. ಅದರ ತೂಕ ಮೂರು ಕಿಲೋಗೆ ಸ್ವಲ್ಪ ಮೇಲೆ. ಕಾರ್ಬೆಟ್ ಹತ್ತಿರ .450/400 ಡಬಲ್ ಬ್ಯಾರೆಲ್ ರೈಫಲ್ ಕೂಡ ಇತ್ತು. ಆ ಜಾತಿಯ ಕೋವಿಗಳು ನಾಲ್ಕೂವರೆ ಕಿಲೋ ಆಸುಪಾಸು ತೂಗ್ತವೆ.

ಒಂದೂವರೆ ಕಿಲೋ ಯಾವ ಮಹಾ ಅನ್ನಿಸಬಹುದು. ಮನೆಯಲ್ಲಿ ಕ್ರಿಕೆಟ್ ಬ್ಯಾಟ್ ಇದ್ರೆ ಹಿಡಿಕೆಯ ತುದಿಯನ್ನು ಒಂದೇ ಕೈಯಲ್ಲಿ ಹಿಡಿದು, ಕೈ ಚಾಚಿ ನಿಲ್ಲಿ. ಹತ್ತು ಸೆಕೆಂಡಿಗೆ ತುದಿ ನಡುಗೋಕೆ ಶುರುವಾಗುತ್ತೆ. ಬ್ಯಾಟ್ ತೂಕ ಒಂದೂಕಾಲು ಕಿಲೋ ಒಳಗೇ. ಕಾರ್ಬೆಟ್ ತಿರುಗಿಸಿದ್ದು ಹತ್ತಿರ ಹತ್ತಿರ ಮೂರು ಬ್ಯಾಟಿನ ತೂಕ, ಅದೂ ಹುಲಿಯ ಕಣ್ಣಲ್ಲಿ ಕಣ್ಣಿಟ್ಟು. ಈಗ ಅದೇ ಬ್ಯಾಟನ್ನು ಮಧ್ಯದಲ್ಲಿ ಹಿಡೀರಿ, ಏನೂ ಅನ್ನಿಸಲ್ಲ. ತೂಕ ಎಷ್ಟು ಅನ್ನೋದರ ಜೊತೆಗೆ ತೂಕ ಎಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಉದ್ದ ಬ್ಯಾರೆಲ್ ತೊಂದರೆ ಕೊಡೋದು ಇಲ್ಲೇ, ಭಾರ ಮುಂದಕ್ಕೆ ಹೋಗುತ್ತೆ.

ಹಾಗಾದ್ರೆ ಎಲ್ಲರೂ ಹಗುರ ಕೋವಿ ಇಟ್ಕೊಳ್ಳಬಹುದಿತ್ತಲ್ಲ? ಇಲ್ಲ, ಯಾಕಂದ್ರೆ ಕೋವಿ ಒದೆಯುತ್ತೆ. ಗುಂಡು ಮುಂದಕ್ಕೆ ಹೋದಷ್ಟೇ ರಭಸ ಹಿಂದಕ್ಕೆ ಭುಜಕ್ಕೂ ಬರುತ್ತೆ, ನ್ಯೂಟನ್ ಯಾರನ್ನೂ ಬಿಟ್ಟಿಲ್ಲ. ಅದೇ ತೋಟಾವನ್ನು ನಾಲ್ಕು ಕಿಲೋ ರೈಫಲ್ ಬದಲು ಮೂರು ಕಿಲೋ ರೈಫಲ್‌ನಿಂದ ಹಾರಿಸಿದ್ರೆ ಒದೆತದ ಶಕ್ತಿ ಮೂರರಲ್ಲಿ ಒಂದು ಪಾಲು ಜಾಸ್ತಿ ಆಗುತ್ತೆ. ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯೋ ಮುಂಚೆಯೇ ಕಣ್ಣು ಮುಚ್ಚಿ ಭುಜ ಅಲುಗಿಸ್ತಾನೆ. ಗುಂಡು ಎಲ್ಲೋ ತಾಗಿ ಪ್ರಾಣಿ ಗಾಯಗೊಂಡು ಓಡಿಹೋಗುತ್ತೆ. ಗಾಯಗೊಂಡ ಹುಲಿ ಅಂದ್ರೆ ಏನು ಅಂತ ಈ ಕಥೆಗಳನ್ನು ಓದಿದವರಿಗೆ ಬೇರೆ ಹೇಳಬೇಕಿಲ್ಲ. ಜೊತೆಗೆ, ಬೆಟ್ಟ ಹತ್ತಿ ಏದುಸಿರು ಬಿಡುವಾಗ ಹಗುರ ಕೋವಿಯೇ ಜಾಸ್ತಿ ಅಲ್ಲಾಡೋದು. ಭಾರದ್ದು ತನ್ನ ಭಾರಕ್ಕೇ ಸ್ವಲ್ಪ ನೆಲೆ ನಿಲ್ಲುತ್ತೆ.

ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಇದರ ಮಧ್ಯದ ದಾರಿ ಹಿಡಿದವರು. ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, 1895ರ ಮಾಡೆಲ್. ಸುಮಾರು ಮೂರೂವರೆ ಕಿಲೋ, 24 ಇಂಚಿನ ಬ್ಯಾರೆಲ್. ಗುಂಡಿನ ತೂಕ 300 ಗ್ರೇನ್, ಅಂದ್ರೆ 19 ಗ್ರಾಂ ಮೇಲೆ. ರಿಗ್ಬಿಯ 140 ಗ್ರೇನ್ ಗುಂಡಿಗೆ ಹೋಲಿಸಿದ್ರೆ ಎರಡರಷ್ಟಕ್ಕಿಂತ ಜಾಸ್ತಿ. ನಡೆಯೋಕೆ ಆಗೋಷ್ಟು ಹಗುರ, ಹುಲಿಯನ್ನು ನಿಲ್ಲಿಸೋಷ್ಟು ಬಿರುಸು. ಬೆಲೆ ಕಟ್ಟಿದ್ದು ಭುಜ. ಬಿ.ಕಾಂ. ಓದಿದವನ ಚಟ ನೋಡಿ, ಎಲ್ಲದಕ್ಕೂ ಡೆಬಿಟ್-ಕ್ರೆಡಿಟ್ ಬರೆದು ನೋಡೋದು.

ಇನ್ನು ಬ್ಯಾರೆಲ್ ಉದ್ದ. ಗುಂಡು ನಳಿಗೆಯೊಳಗೆ ಇರೋ ತನಕ ಮದ್ದಿನ ಅನಿಲ ಅದನ್ನು ತಳ್ಳುತ್ತಾ ಇರುತ್ತೆ. ಹಾಗಾಗಿ ನಳಿಗೆ ಉದ್ದ ಇದ್ದಷ್ಟೂ ವೇಗ ಜಾಸ್ತಿ. ಆದರೆ ಎಷ್ಟು ಜಾಸ್ತಿ? ಮಾಮೂಲಿ ಬೇಟೆ ರೈಫಲ್‌ನಲ್ಲಿ ಒಂದು ಇಂಚು ಕಡಿಮೆಯಾದ್ರೆ ಸೆಕೆಂಡಿಗೆ ಸುಮಾರು 20ರಿಂದ 30 ಅಡಿ ವೇಗ ಹೋಗುತ್ತೆ. ನಾಲ್ಕು ಇಂಚು ಕತ್ತರಿಸಿದ್ರೆ ನೂರು ಅಡಿ ಅಂದ್ಕೊಳ್ಳಿ. ಒಟ್ಟು ವೇಗ ಎರಡೂವರೆ ಸಾವಿರ ಅಡಿ ಇರುವಾಗ, ಐವತ್ತು ಗಜದಲ್ಲಿರೋ ಪ್ರಾಣಿಗೆ ಆ ವ್ಯತ್ಯಾಸ ಗೊತ್ತೂ ಆಗಲ್ಲ. ಲಂಟಾನ ಪೊದೆಯಲ್ಲಿ, ಬಿದಿರು ಮೆಳೆಯಲ್ಲಿ ನುಸುಳುವಾಗ ಮಾತ್ರ ಆ ನಾಲ್ಕು ಇಂಚು ಪ್ರತಿ ಕೊಂಬೆಗೂ ಸಿಕ್ಕಿಹಾಕಿಕೊಳ್ಳುತ್ತೆ.

ಗಿಡ್ಡ ಬ್ಯಾರೆಲ್‌ನ ನಿಜವಾದ ನಷ್ಟ ವೇಗದಲ್ಲಿಲ್ಲ, ಗುರಿಯಲ್ಲಿದೆ. ಆ ಕಾಲದಲ್ಲಿ ಹೆಚ್ಚಿನವರದ್ದು ದೂರದರ್ಶಕ ಇಲ್ಲದ ಕೋವಿ, ಹಿಂದಿನ ಸೀಳು ಮತ್ತು ಮುಂದಿನ ಮೊಳೆಯನ್ನು ಒಂದೇ ಗೆರೆಗೆ ತರಬೇಕು. ಇವೆರಡರ ನಡುವೆ 50 ಸೆಂಟಿಮೀಟರ್ ಇದ್ದಾಗ ಒಂದು ಮಿಲಿಮೀಟರ್ ತಪ್ಪಿದ್ರೆ, ನೂರು ಮೀಟರ್‌ನಲ್ಲಿ ಗುಂಡು 20 ಸೆಂಟಿಮೀಟರ್ ಆಚೆ ಬೀಳುತ್ತೆ. ಅಂತರ 40ಕ್ಕೆ ಇಳಿದ್ರೆ ತಪ್ಪು 25 ಸೆಂಟಿಮೀಟರ್ ಆಗುತ್ತೆ. ಮೇಲಾಗಿ ಸದ್ದೂ ಜಾಸ್ತಿ, ಬಾಯಿಯಲ್ಲಿ ಬೆಂಕಿಯೂ ಜಾಸ್ತಿ. ಡಬಲ್ ರೈಫಲ್‌ಗೆ ಇಲ್ಲೊಂದು ಜಾಣತನ ಇದೆ. ಅದರಲ್ಲಿ ಬೋಲ್ಟ್ ಹಿಂದೆ-ಮುಂದೆ ಓಡಾಡೋ ಜಾಗವೇ ಬೇಡ, ಹಾಗಾಗಿ ಅಷ್ಟೇ ಉದ್ದದ ಬ್ಯಾರೆಲ್ ಇಟ್ಟುಕೊಂಡೂ ಒಟ್ಟು ಕೋವಿ ಕೆಲವು ಇಂಚು ಗಿಡ್ಡ.

ಭಾರದ ಕೋವಿಗೆ ಸಾಹೇಬರ ಕಾಲದಲ್ಲಿ ಸುಲಭ ಪರಿಹಾರ ಇತ್ತು: ಹೊರೋಕೆ ಒಬ್ಬ ಆಳು. ನನಗೆ ಇದು ಅತ್ಯಂತ ಕೆಟ್ಟ ಐಡಿಯಾ ಅನ್ಸುತ್ತೆ. ಹುಲಿ ಎಂಟು ಅಡಿಯಲ್ಲಿ ಎದುರಾದಾಗ ರೈಫಲ್ ಇನ್ನೊಬ್ಬನ ಹೆಗಲ ಮೇಲೆ ಇದ್ರೆ, ಅದು ಮನೆಯಲ್ಲಿ ಇದ್ದ ಹಾಗೇ.

ಅಂದ ಹಾಗೆ ಆ ಮೊಟ್ಟೆಗಳು ಒಡೆಯಲಿಲ್ಲ. ಕಾರ್ಬೆಟ್ ವಾಪಸ್ ಹೋಗಿ ಅವನ್ನು ಎತ್ತಿಕೊಂಡ ಜಾಗದಲ್ಲೇ ಇಟ್ಟರು. ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಬಂದಾಗ ಮೊಟ್ಟೆ ಕಾಣಿಸಲಿಲ್ಲ, ತಾಯಿಹಕ್ಕಿ ಮೇಲೆ ಕೂತಿತ್ತು.